ಈರುಳ್ಳಿ ಸಿಪ್ಪೆಯಲ್ಲಿ ಬರೀ ಗುಳ್ಳೆ ಕಾಣ್ತಿದೆ, ಜೀವಕೋಶ ಸರಿಯಾಗಿ ತೋರಿಸುವುದು ಹೇಗೆ?

ಹೊಸನಗರ ವಿಜ್ಞಾನ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಶುರುವಾಗಿದೆ. ಶಾಲೆಯಲ್ಲಿರುವುದು ಕನ್ನಡಿ ಇರುವ ಹಳೇ ಮೈಕ್ರೋಸ್ಕೋಪ್ ಒಂದೇ. ಐಪೀಸ್ (ಕಣ್ಣಿಡುವ ಮಸೂರ) 10ಎಕ್ಸ್, ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಮಸೂರ) 10ಎಕ್ಸ್ ಮತ್ತು 45ಎಕ್ಸ್. ಈರುಳ್ಳಿ ಸಿಪ್ಪೆ ಇಟ್ಟರೆ ಕಪ್ಪು ಅಂಚಿನ ಉರುಟು ಉರುಟು ಆಕಾರಗಳು ಕಾಣುತ್ತವೆ. ಮಕ್ಕಳು ಅದನ್ನೇ ಜೀವಕೋಶ ಅಂತ ಬರೆದುಕೊಳ್ಳುತ್ತಾರೆ. ಸಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದರೆ ಇಡೀ ಸಿಪ್ಪೆ ಕೆಂಪು ಮುದ್ದೆ. 45ಕ್ಕೆ ತಿರುಗಿಸಿದರೆ ಕತ್ತಲೆ. ಹೆಚ್ಚು ದೊಡ್ಡದು ಮಾಡುವ ಹೊಸ ಮೈಕ್ರೋಸ್ಕೋಪ್ ತರಿಸಬೇಕಾ? ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತೋರಿಸಬೇಕಾದರೆ ಎಷ್ಟು ಎಕ್ಸ್ ಬೇಕು?

ಸ್ಲೈಡ್ ಪೆಟ್ಟಿಗೆ

ಹೊಸದು ಬೇಡ ಸರ್. ನಿಮ್ಮ ಹತ್ತಿರ ಇರುವುದರಲ್ಲಿ 10ಎಕ್ಸ್ ಒಂದೇ ಸಾಕು, ಅಂದರೆ ಒಟ್ಟು ನೂರು ಪಟ್ಟು. ತೊಂದರೆ ಇರುವುದು ಸಿಪ್ಪೆ ತೆಗೆಯುವ ಕ್ರಮದಲ್ಲಿ ಮತ್ತು ಬೆಳಕಿನಲ್ಲಿ.

ಕಪ್ಪು ದಪ್ಪ ಅಂಚಿನ, ಕೈವಾರದಲ್ಲಿ ಎಳೆದ ಹಾಗೆ ದುಂಡಗಿರುವುದು ಗಾಳಿ ಗುಳ್ಳೆ. ಈರುಳ್ಳಿಯ ಕೋಶ ದುಂಡಗೆ ಇರುವುದೇ ಇಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದಕ್ಕೆ ಇರುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ತೋರಿಸಿ. ಬೇಕೆಂದೇ ಒಂದು ಗುಳ್ಳೆ ಸ್ಲೈಡ್ ಮಾಡಿ ಇಟ್ಟರೂ ತಪ್ಪಿಲ್ಲ.

ಸಿಪ್ಪೆ ತೆಗೆಯುವುದು ಹೀಗೆ. ಈರುಳ್ಳಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಹೊರಗಿನ ಒಣ ಸಿಪ್ಪೆ ಬೇಡ, ಎರಡನೆಯದೋ ಮೂರನೆಯದೋ ರಸ ತುಂಬಿದ ಪದರ ಬೇಕು. ಅದರ ಒಳಮೈ, ಅಂದರೆ ಗುಳಿಯಾಗಿರುವ ಬದಿ ನಿಮ್ಮ ಕಡೆಗಿರಲಿ. ಪದರವನ್ನು ಹಿಂದಕ್ಕೆ ಬಗ್ಗಿಸಿ ಲಟಕ್ಕನೆ ಮುರಿಯಿರಿ. ಮುರಿದ ಜಾಗದಲ್ಲಿ ಹಾಲಿನ ಕೆನೆಗಿಂತ ತೆಳುವಾದ ಪಾರದರ್ಶಕ ಪೊರೆಯೊಂದು ತುಂಡಾಗದೆ ಜೋತಾಡುತ್ತದೆ. ಚಿಮಟದಲ್ಲಿ ಅದನ್ನು ಹಿಡಿದು ನಿಧಾನ ಎಳೆದು, ನೇರವಾಗಿ ನೀರಿರುವ ಬಟ್ಟಲಿಗೆ ಹಾಕಿ. ಟೇಬಲ್ ಮೇಲೆ ಅರೆ ನಿಮಿಷ ಇಟ್ಟರೂ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯೊಳಗೆ ಸೇರಿದ ಗಾಳಿಯೇ ನಿಮ್ಮ ಗುಳ್ಳೆ.

ನೀರಿನಲ್ಲೇ ಬ್ಲೇಡಿನಿಂದ 5 ಮಿ.ಮೀ. ಚೌಕ ಕತ್ತರಿಸಿ, ಬ್ರಷ್‌ನಿಂದ ಎತ್ತಿ ಸ್ಲೈಡ್ ಮೇಲಿನ ನೀರ ಹನಿಗೆ ಇಳಿಸಿ. ಮಡಿಕೆ ಇದ್ದರೆ ಸೂಜಿಯಲ್ಲಿ ಬಿಡಿಸಿ. 1% ಸಫ್ರನಿನ್ ಒಂದೇ ಹನಿ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ನೀರಲ್ಲಿ ತೊಳೆಯಲೇಬೇಕು. ನಿಮ್ಮಲ್ಲಿ ಕೆಂಪು ಮುದ್ದೆ ಆಗುತ್ತಿರುವುದು ತೊಳೆಯದೆ ಬಿಟ್ಟದ್ದಕ್ಕೆ. ನಂತರ ಒಂದು ಹನಿ ಗ್ಲಿಸರಿನ್. ಕವರ್‌ಸ್ಲಿಪ್‌ನ ಒಂದು ಅಂಚನ್ನು ಹನಿಗೆ ತಾಗಿಸಿ, 45 ಡಿಗ್ರಿ ಓರೆಯಲ್ಲಿ ಹಿಡಿದು, ಇನ್ನೊಂದು ಅಂಚಿಗೆ ಸೂಜಿ ಆನಿಸಿ ಮೆಲ್ಲಗೆ ಇಳಿಸಿ. ಮೇಲಿಂದ ಬೀಳಿಸಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಸಫ್ರನಿನ್ ಇಲ್ಲದಿದ್ದರೆ ಅಯೋಡಿನ್. 2 ಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಅನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಕರಗಿಸಿ, ಒಟ್ಟು 300 ಮಿ.ಲೀ. ಮಾಡಿ. ಬರೀ ನೀರಿಗೆ ಅಯೋಡಿನ್ ಹಾಕಿದರೆ ಕರಗುವುದಿಲ್ಲ, ಕ್ರಮ ತಪ್ಪಬೇಡಿ. ಕೋಶಕೇಂದ್ರ ಜೇನಿನ ಬಣ್ಣಕ್ಕೆ ಬರುತ್ತದೆ. ಈರುಳ್ಳಿಯಲ್ಲಿ ಪಿಷ್ಟ ಇಲ್ಲ, ಹಾಗಾಗಿ ನೀಲಿ ಬರಬಾರದು. ಬಂದರೆ ಅದೇ ಬ್ಲೇಡಿನಲ್ಲಿ ಮೊದಲು ಯಾರೋ ಆಲೂಗಡ್ಡೆ ಕೊಯ್ದಿದ್ದಾರೆ.

ಸಾಗರ ಲೆನ್ಸ್

ಬೆಳಕಿನ ವಿಷಯ ನಾನು ಹೇಳ್ತೇನೆ. ಕನ್ನಡಿಗೆ ಎರಡು ಮುಖ ಇರ್ತದೆ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಕಂಡೆನ್ಸರ್, ಅಂದರೆ ಬೆಳಕು ಒಗ್ಗೂಡಿಸುವ ಮಸೂರ, ಇದ್ದರೆ ಚಪ್ಪಟೆ ಮುಖ, ಇಲ್ಲದಿದ್ದರೆ ಗುಳಿ ಮುಖ. ಕಂಡೆನ್ಸರ್ ಇದ್ದೂ ಗುಳಿ ಮುಖ ಹಾಕಿದರೆ ಕನ್ನಡಿ ಮತ್ತು ಕಂಡೆನ್ಸರ್ ಎರಡೂ ಬೆಳಕನ್ನು ಒಗ್ಗೂಡಿಸಲು ಹೋಗಿ, ಬೆಳಕು ಸ್ಲೈಡಿಗೆ ಬರುವ ಮೊದಲೇ ಚದುರಿಹೋಗ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕಿಟಕಿ ಬೆಳಕು 45ಎಕ್ಸ್‌ಗೆ ಸಾಕಾಗೋದಿಲ್ಲ. 9 ವ್ಯಾಟ್ ಎಲ್ಇಡಿ ಬಲ್ಬನ್ನು ಕನ್ನಡಿಯಿಂದ ಒಂದಡಿ ದೂರ ಇಟ್ಟು, ಮುಂದೆ ಬಟರ್ ಪೇಪರ್ ಅಡ್ಡ ಹಿಡಿಯಿರಿ. ಬಿಸಿಲು ಬಂತು ಅಂತ ಕನ್ನಡಿಯನ್ನು ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಕಣ್ಣಿನ ಪರದೆ ಸುಟ್ಟುಹೋಗ್ತದೆ.

ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಡಯಾಫ್ರಮ್ ಅನ್ನು ಎಲ್ಲರೂ ಪೂರ್ತಿ ತೆರೆದೇ ಇಡ್ತಾರೆ. ಬಣ್ಣ ಹಾಕದ ಕೋಶಕ್ಕೆ ಅದನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ, ಅಂಚುಗಳು ಎದ್ದು ಕಾಣ್ತವೆ. ಬಣ್ಣ ಹಾಕಿದ್ದಕ್ಕೆ ಸ್ವಲ್ಪ ತೆರೆಯಿರಿ. 45ಕ್ಕೆ ಹೋದಾಗ ಇನ್ನೂ ತೆರೆಯಬೇಕು.

ತೀರ್ಥಹಳ್ಳಿ ಪಿಯು ಬಯಾಲಜಿ

"ಎಷ್ಟು ಎಕ್ಸ್" ಅನ್ನುವ ಪ್ರಶ್ನೆಗೆ ಬರೋಣ. ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ಒಂದು, ಪಕ್ಕಪಕ್ಕದ ಎರಡು ಚುಕ್ಕೆಗಳು ಎರಡಾಗಿಯೇ ಕಾಣುತ್ತವೆಯೇ ಎನ್ನುವುದು ಇನ್ನೊಂದು. ಎರಡನೆಯದು ಮುಖ್ಯ. 1873ರಲ್ಲಿ ಅರ್ನ್ಸ್ಟ್ ಅಬ್ಬೆ ಇದಕ್ಕೆ ಲೆಕ್ಕ ಕೊಟ್ಟರು: ಬೆಳಕಿನ ತರಂಗದೂರವನ್ನು ಆಬ್ಜೆಕ್ಟಿವ್‌ನ ನ್ಯೂಮರಿಕಲ್ ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿದರೆ ಎರಡಾಗಿ ಕಾಣುವ ಕನಿಷ್ಠ ಅಂತರ ಸಿಗುತ್ತದೆ. ಅಪರ್ಚರ್ ಅಂದರೆ ಆಬ್ಜೆಕ್ಟಿವ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎನ್ನುವ ಅಂಕಿ, ಅದು ಆಬ್ಜೆಕ್ಟಿವ್ ಮೇಲೆಯೇ ಕೆತ್ತಿರುತ್ತದೆ. 10ಎಕ್ಸ್ ಮೇಲೆ 0.25, 45ಎಕ್ಸ್ ಮೇಲೆ ಸಾಮಾನ್ಯವಾಗಿ 0.65. ಹಸಿರು ಬೆಳಕು 550 ನ್ಯಾನೋಮೀಟರ್ ಅಂತ ಇಟ್ಟುಕೊಂಡರೆ 10ಎಕ್ಸ್‌ನಲ್ಲಿ 1.1 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್), 45ಎಕ್ಸ್‌ನಲ್ಲಿ 0.42 ಮೈಕ್ರಾನ್. ಎಣ್ಣೆ ಹಾಕುವ 100ಎಕ್ಸ್‌ನಲ್ಲಿ ಅಪರ್ಚರ್ 1.25, ಅಲ್ಲಿಗೆ 0.22. ಐಪೀಸ್ ಅನ್ನು 25ಎಕ್ಸ್ ಮಾಡಿದರೂ ಈ ಅಂಕಿ ಬದಲಾಗದು. ಮಸುಕು ದೊಡ್ಡದಾಗುತ್ತದೆ ಅಷ್ಟೇ.

ಮೈಟೊಕಾಂಡ್ರಿಯದ ದಪ್ಪ ಅರ್ಧದಿಂದ ಒಂದು ಮೈಕ್ರಾನ್. ಲೆಕ್ಕದ ಪ್ರಕಾರ ಅಂಚಿನಲ್ಲಿ ಕಾಣಬೇಕು. ಆದರೆ ಸುತ್ತಲಿನ ಕೋಶದ್ರವ್ಯದಷ್ಟೇ ಅದೂ ಪಾರದರ್ಶಕ, ಹಾಗಾಗಿ ಕಣ್ಣಿಗೆ ಸಿಗುವುದಿಲ್ಲ. ಅದರೊಳಗಿನ ಮಡಿಕೆಗಳು, ರೈಬೋಸೋಮು, ಎಂಡೋಪ್ಲಾಸ್ಮಿಕ್ ಜಾಲ ಇವೆಲ್ಲ ಬೆಳಕಿನ ಮೈಕ್ರೋಸ್ಕೋಪಿಗೆ ಎಟುಕುವ ಮಾತೇ ಅಲ್ಲ. ರೈಬೋಸೋಮ್ 20ರಿಂದ 30 ನ್ಯಾನೋಮೀಟರ್. ಪಠ್ಯದ ಚಿತ್ರ ನೋಡಿದ ಮಕ್ಕಳು ಸ್ಲೈಡಿನಲ್ಲೂ ಅದನ್ನೇ ಹುಡುಕುತ್ತಾರೆ. ಆ ಚಿತ್ರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಸೇರಿಸಿ ಬರೆದದ್ದು ಅಂತ ಮೊದಲೇ ಹೇಳಿಬಿಡಿ. ಅಂಥ ಉಪಕರಣದ ಮೊದಲ ಮಾದರಿ ಮಾಡಿದ್ದು 1931ರಲ್ಲಿ, ಜರ್ಮನಿಯ ರುಸ್ಕ ಮತ್ತು ಕ್ನೋಲ್.

ಅಳತೆಯನ್ನೂ ಮಾಡಿಸಿ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಸ್ಟೇಜ್ ಮೇಲಿಟ್ಟು 10ಎಕ್ಸ್‌ನಲ್ಲಿ ನೋಡಿ. ವೃತ್ತದ ಅಡ್ಡಗಲಕ್ಕೆ ಎಷ್ಟು ಮಿ.ಮೀ. ಹಿಡಿಸುತ್ತದೆ ಅಂತ ಕಾಣುತ್ತದೆ. ಐಪೀಸ್‌ನ ಫೀಲ್ಡ್ ನಂಬರ್ (ಅದರಲ್ಲಿ ಕಾಣುವ ವೃತ್ತದ ಅಗಲ, ಮಿ.ಮೀ. ಲೆಕ್ಕದಲ್ಲಿ) 18 ಆಗಿದ್ದರೆ ಅದನ್ನು ಆಬ್ಜೆಕ್ಟಿವ್‌ನ 10ರಿಂದ ಭಾಗಿಸಿ 1.8 ಮಿ.ಮೀ., ಅಂದರೆ 1800 ಮೈಕ್ರಾನ್. ಅಡ್ಡಗಲಕ್ಕೆ ಆರು ಈರುಳ್ಳಿ ಕೋಶ ಉದ್ದುದ್ದ ಸಾಲಾಗಿ ನಿಂತರೆ ಒಂದೊಂದೂ 300 ಮೈಕ್ರಾನ್. 45ಎಕ್ಸ್‌ನಲ್ಲಿ ಅದೇ ವೃತ್ತ 400 ಮೈಕ್ರಾನಿಗೆ ಇಳಿಯುತ್ತದೆ. ಇಷ್ಟು ಮಾಡಿದರೆ ಮಕ್ಕಳು ಬಿಡಿಸಿದ ಚಿತ್ರಕ್ಕೆ ಅಳತೆಯ ಗೆರೆ ಹಾಕಬಹುದು.

ಹೊಸನಗರ ವಿಜ್ಞಾನ

ಬಹಳ ಉಪಕಾರವಾಯ್ತು. ಎರಡು ಸಂಶಯ. ಕೋಶಕೇಂದ್ರ ಕೆಲವು ಕೋಶದಲ್ಲಿ ಮಧ್ಯೆ, ಕೆಲವದರಲ್ಲಿ ಗೋಡೆ ಬದಿಗೆ ಇರುತ್ತದಲ್ಲ, ಯಾಕೆ? ಇನ್ನೊಂದು, ಕಣ್ಣಿಗೆ ಕಾಣದ ಮೈಟೊಕಾಂಡ್ರಿಯ ಏನು ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತಾಯಿತು ಅಂತ ಮಕ್ಕಳು ಕೇಳಿದರೆ?

ತೀರ್ಥಹಳ್ಳಿ ಪಿಯು ಬಯಾಲಜಿ

ಈರುಳ್ಳಿ ಕೋಶದ ಬಹುಭಾಗ ರಸದಾನಿಯೇ, ಅಂದರೆ ರಸ ತುಂಬಿದ ಚೀಲ. ಅದು ಕೋಶದ್ರವ್ಯವನ್ನೂ ಕೋಶಕೇಂದ್ರವನ್ನೂ ಗೋಡೆಗೆ ಒತ್ತಿ ಹಿಡಿದಿರುತ್ತದೆ. ಪಕ್ಕದ ಗೋಡೆಗೆ ಒತ್ತಿದ್ದರೆ ಬದಿಯಲ್ಲಿ ಕಾಣುತ್ತದೆ. ಮೇಲಿನ ಅಥವಾ ತಳದ ಗೋಡೆಗೆ ಒತ್ತಿದ್ದರೆ ನಾವು ಮೇಲಿಂದ ನೋಡುವಾಗ ಮಧ್ಯದಲ್ಲಿದ್ದ ಹಾಗೆ ಕಾಣುತ್ತದೆ. ಫೈನ್ ಫೋಕಸ್ ಅನ್ನು ಸ್ವಲ್ಪ ಸ್ವಲ್ಪ ತಿರುಗಿಸಿದರೆ ಮೇಲೆಯೋ ಕೆಳಗೋ ತಿಳಿಯುತ್ತದೆ. ಕೋಶಕ್ಕೆ ಆಳ ಇದೆ ಅಂತ ಮಕ್ಕಳಿಗೆ ಮನದಟ್ಟಾಗುವುದು ಆಗಲೇ.

ಎರಡನೆಯದಕ್ಕೆ ಉತ್ತರ: ಕೋಶವನ್ನು ಒಡೆದು, ಭಾಗಗಳನ್ನು ಬೇರೆ ಮಾಡಿ. ಇಲಿಯ ಯಕೃತ್ತಿನ ತುಂಡನ್ನು ತಣ್ಣಗಿನ 0.25 ಮೋಲಾರ್ ಸಕ್ಕರೆ ದ್ರಾವಣದಲ್ಲಿ, ಅಂದರೆ ಲೀಟರಿಗೆ 85.6 ಗ್ರಾಂ ಸುಕ್ರೋಸ್, ಮೆಲ್ಲಗೆ ಅರೆಯುತ್ತಾರೆ. ಬರೀ ನೀರಾದರೆ ಮೈಟೊಕಾಂಡ್ರಿಯ ನೀರು ಕುಡಿದು ಊದಿ ಒಡೆಯುತ್ತದೆ, ಅದಕ್ಕೇ ಸಕ್ಕರೆ. 4 ಡಿಗ್ರಿಯಲ್ಲಿ ಮಾಡುವುದು ಕೋಶದ ಕಿಣ್ವಗಳು ಉಳಿದದ್ದನ್ನು ಜೀರ್ಣಿಸದಿರಲಿ ಅಂತ. ಆಮೇಲೆ ಸೆಂಟ್ರಿಫ್ಯೂಜ್: ಗುರುತ್ವದ 600 ಪಟ್ಟು ಬಲದಲ್ಲಿ 10 ನಿಮಿಷ ತಿರುಗಿಸಿದರೆ ಕೋಶಕೇಂದ್ರಗಳು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಸುಮಾರು 10,000 ಪಟ್ಟಿಗೆ ಏರಿಸಿದರೆ ಮೈಟೊಕಾಂಡ್ರಿಯ. 1,00,000 ಪಟ್ಟಿನಲ್ಲಿ ಒಂದು ಗಂಟೆ ತಿರುಗಿಸಿದರೆ ಪೊರೆಯ ಚೂರುಗಳು. ಒಂದೊಂದು ಮಡ್ಡಿಯನ್ನೂ ಪ್ರತ್ಯೇಕ ಪರೀಕ್ಷಿಸಿದಾಗ ಆಮ್ಲಜನಕ ಬಳಸುವ ಕೆಲಸ ಎರಡನೇ ಮಡ್ಡಿಯಲ್ಲಿ ಸಿಕ್ಕಿತು. ಇಂಥ ಕೆಲಸಕ್ಕೇ ಕ್ಲಾಡ್, ಡಿ ಡ್ಯೂವ್ ಮತ್ತು ಪಲಾಡೆ ಅವರಿಗೆ 1974ರ ನೊಬೆಲ್ ಬಂದದ್ದು.

ಬಿಎಸ್ಸಿ ಎರಡನೇ ವರ್ಷ

ಇಲ್ಲಿಯೇ ಕೇಳಬಹುದಾ ಸರ್? ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡಲು ಹೋದರೆ ಎಲ್ಲ ಇಂಟರ್‌ಫೇಸ್, ಅಂದರೆ ವಿಭಜನೆಯಾಗದ ಕೋಶ, ಅದೂ ಒಂದರ ಮೇಲೊಂದು. ವರ್ಣತಂತುಗಳು ಮಧ್ಯದಲ್ಲಿ ಸಾಲಾಗಿ ನಿಲ್ಲುವ ಮೆಟಾಫೇಸ್ ಒಂದೂ ಸಿಕ್ಕಿಲ್ಲ.

ಸ್ಲೈಡ್ ಪೆಟ್ಟಿಗೆ

ಎಲ್ಲಿ ತಪ್ಪುತ್ತದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಬೇರು. ಒಣಗಿದ ಹಳೇ ಬೇರನ್ನು ಕತ್ತರಿಸಿ ತೆಗೆದು, ಗಡ್ಡೆಯ ತಳ ಮಾತ್ರ ನೀರಿಗೆ ತಾಗುವ ಹಾಗೆ ಲೋಟದ ಮೇಲಿಡಿ. ನೀರು ದಿನಾ ಬದಲಿಸಿ. ಮೂರು ನಾಲ್ಕು ದಿನಕ್ಕೆ ಒಂದೆರಡು ಸೆಂ.ಮೀ. ಬರುತ್ತದೆ. ಇದಕ್ಕಿಂತ ಉದ್ದ ಬಿಟ್ಟರೆ ವಿಭಜನೆ ಕಡಿಮೆಯಾಗುತ್ತದೆ. ಬೆಳಗ್ಗೆ 8ರಿಂದ 10ರ ಒಳಗೆ ತುದಿ ಕತ್ತರಿಸಿ, ಕತ್ತರಿಸಿದ ಕೂಡಲೇ ಫಿಕ್ಸ್ ಮಾಡಿ, ಅಂದರೆ ಕೋಶಗಳು ಇದ್ದ ಸ್ಥಿತಿಯಲ್ಲೇ ನಿಲ್ಲುವ ಹಾಗೆ ಮಾಡಿ. ಮೂರು ಭಾಗ ಆಲ್ಕೋಹಾಲಿಗೆ ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲ, ಆಗಷ್ಟೇ ಬೆರೆಸಿದ್ದು, 24 ಗಂಟೆ. ನಂತರ 70% ಆಲ್ಕೋಹಾಲಿನಲ್ಲಿ ಇಟ್ಟುಕೊಳ್ಳಬಹುದು. ಧನುರ್ಮಾಸದ ಬೆಳಗ್ಗೆ ಆ ಅಸಿಟಿಕ್ ಬಾಟಲಿ ಮಂಜುಗಡ್ಡೆ ಹಾಗೆ ಗಟ್ಟಿಯಾಗಿದ್ದರೆ ಹಾಳಾಯಿತು ಅಂದುಕೊಳ್ಳಬೇಡಿ. 16.6 ಡಿಗ್ರಿಗಿಂತ ಕೆಳಗೆ ಅದರ ಗುಣವೇ ಹಾಗೆ. ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ.

ಒಂದರ ಮೇಲೊಂದು ಬೀಳುವುದಕ್ಕೆ ಕಾರಣ ಕೋಶಗಳ ನಡುವಿನ ಅಂಟು ಬಿಡದಿರುವುದು. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ 5ರಿಂದ 10 ನಿಮಿಷ ಇಡಿ. ಗಾಢ ಆಮ್ಲ 8.3 ಮಿ.ಲೀ. ತೆಗೆದು ನೀರಿಗೆ ಹಾಕಿ 100 ಮಿ.ಲೀ. ಮಾಡಿದರೆ 1 ನಾರ್ಮಲ್ ಸಿಗುತ್ತದೆ. ಆಮ್ಲವನ್ನು ನೀರಿಗೆ, ನೀರನ್ನು ಆಮ್ಲಕ್ಕಲ್ಲ. ಕಡಿಮೆ ಇಟ್ಟರೆ ಬೇರು ಗಟ್ಟಿ, ಹೆಚ್ಚು ಇಟ್ಟರೆ ಗಂಜಿಯಾಗಿ ಬಣ್ಣವೂ ಹಿಡಿಯುವುದಿಲ್ಲ. ಆಮೇಲೆ ನೀರಲ್ಲಿ ತೊಳೆಯಿರಿ.

ಈಗ ಮುಖ್ಯವಾದದ್ದು. ತುದಿಯಿಂದ 2 ಮಿ.ಮೀ. ಮಾತ್ರ ಇಟ್ಟುಕೊಂಡು ಉಳಿದದ್ದು ಬಿಸಾಡಿ. ಹೆಚ್ಚಿನವರು ಅರ್ಧ ಸೆಂ.ಮೀ. ಇಡುತ್ತಾರೆ. ಮೇಲಿನ ಭಾಗದ ಕೋಶ ಬರೀ ಉದ್ದವಾಗುತ್ತಿರುತ್ತದೆ, ವಿಭಜಿಸುವುದಿಲ್ಲ. ನಿಮಗೆ ಎಲ್ಲ ಇಂಟರ್‌ಫೇಸ್ ಸಿಗುತ್ತಿರುವುದು ಬಹುಶಃ ಇದರಿಂದಲೇ. ವರ್ಣತಂತುವಿಗೆ ಹಿಡಿಯುವ ಬಣ್ಣ ಅಸಿಟೋಕಾರ್ಮೈನ್ ಒಂದು ಹನಿ ಹಾಕಿ, ಕಬ್ಬಿಣದ ಸೂಜಿಯಲ್ಲೇ ಬಿಡಿಸಿ. ಕಬ್ಬಿಣದ ಲವಲೇಶ ಸೇರಿದರೆ ಬಣ್ಣ ಗಾಢವಾಗುತ್ತದೆ, ಸ್ಟೀಲ್ ಸೂಜಿಗೆ ಆ ಗುಣ ಇಲ್ಲ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಎರಡು ಮೂರು ಸಲ ಹಾಯಿಸಿ, ಕುದಿಸಬೇಡಿ. ಕವರ್‌ಸ್ಲಿಪ್ ಮುಚ್ಚಿ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಿ. ಬೆರಳು ಪಕ್ಕಕ್ಕೆ ಜಾರಿದರೆ ಕೋಶಗಳು ಹೊಸೆದುಹೋಗುತ್ತವೆ, ಆ ಸ್ಲೈಡ್ ಮುಗಿಯಿತು.

ಚೆನ್ನಾಗಿ ಹರಡಿದ ಮೆಟಾಫೇಸ್ ಸಿಕ್ಕಿದರೆ ಎಣಿಸಿ ನೋಡಿ, 16 ವರ್ಣತಂತು ಇರಬೇಕು.

ಕಾನು ಸೊಪ್ಪು

ಮಲೆನಾಡಿನಲ್ಲಿ ಕುಳಿತು ಈರುಳ್ಳಿಗೇ ಯಾಕೆ ನಿಲ್ಲಬೇಕು? ಕೆಸುವಿನ ದಂಟು ತನ್ನಿ. ಬ್ಲೇಡಿನಲ್ಲಿ ಬೆಳಕು ಹಾಯುವಷ್ಟು ತೆಳುವಾದ ಉದ್ದ ಸೀಳು ತೆಗೆದು, ಬಣ್ಣ ಏನೂ ಹಾಕದೆ ನೀರಲ್ಲಿಟ್ಟು ನೋಡಿ. ಕೆಲವು ಕೋಶಗಳಲ್ಲಿ ಹೊಳೆಯುವ ಸೂಜಿಗಳ ಕಟ್ಟು, ಕಡ್ಡಿಪೆಟ್ಟಿಗೆಯಲ್ಲಿ ಕಡ್ಡಿ ಜೋಡಿಸಿದ ಹಾಗೆ. ಡಯಾಫ್ರಮ್ ಮುಚ್ಚುತ್ತಾ ಬಂದ ಹಾಗೆ ಹೊಳಪು ಏರುತ್ತದೆ. ಕವರ್‌ಸ್ಲಿಪ್ ಮೆಲ್ಲಗೆ ಒತ್ತಿದರೆ ಕಟ್ಟು ಬಿಚ್ಚಿ ಬಿಡಿ ಸೂಜಿಗಳು ನೀರಿಗೆ ಬರುತ್ತವೆ. ಅವು ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ರಾಫೈಡ್ ಅನ್ನುತ್ತಾರೆ. ಗಂಟಲು ತುರಿಸುವುದಕ್ಕೆ ಇವೇ ಕಾರಣ. ಪತ್ರೊಡೆಗೆ ಹುಣಸೆಹುಳಿ ಹಾಕುವುದು ಈ ಸೂಜಿ ಕರಗಲಿ ಅಂತ. ದಂಟು ಹಿಡಿಯುವಾಗ ಕೈಗವಸು ಹಾಕಿ, ಕೈಗೂ ತುರಿಕೆ ಹತ್ತುತ್ತದೆ.

ಸ್ಲೈಡ್ ಪೆಟ್ಟಿಗೆ

ಮಾದರಿ ಬಹಳ ಒಳ್ಳೆಯದು, ಆದರೆ ಒಂದು ತಿದ್ದುಪಡಿ ಮಾರಾಯ್ರೆ. ಕ್ಯಾಲ್ಸಿಯಂ ಆಕ್ಸಲೇಟ್ ದುರ್ಬಲ ಆಮ್ಲದಲ್ಲಿ ಹಾಗೆಲ್ಲ ಕರಗುವುದಿಲ್ಲ. ಸ್ಲೈಡ್ ಮೇಲೆಯೇ ಪರೀಕ್ಷಿಸಬಹುದು. ಕವರ್‌ಸ್ಲಿಪ್‌ನ ಒಂದು ಬದಿಗೆ ಅಸಿಟಿಕ್ ಆಮ್ಲದ ಹನಿ, ಎದುರು ಬದಿಗೆ ಬ್ಲಾಟಿಂಗ್ ಪೇಪರ್ ಇಟ್ಟು ಎಳೆಯಿರಿ: ಸೂಜಿ ಹಾಗೇ ಇರುತ್ತದೆ. ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಯಿಸಿ: ಗುಳ್ಳೆ ಏಳದೆ ಕರಗುತ್ತದೆ. ಗುಳ್ಳೆ ಎದ್ದರೆ ಅದು ಆಕ್ಸಲೇಟ್ ಅಲ್ಲ, ಕಾರ್ಬೊನೇಟ್. ತುರಿಕೆಯಲ್ಲಿ ಸೂಜಿಯ ಜೊತೆಗಿರುವ ಪ್ರೋಟೀನಿನ ಪಾಲೂ ಇದೆ, ಚೆನ್ನಾಗಿ ಬೇಯಿಸಿದಾಗ ಕೆಡುವುದು ಅದು. ಪತ್ರೊಡೆಯನ್ನು ಅಷ್ಟು ಹೊತ್ತು ಹಬೆಯಲ್ಲಿ ಬೇಯಿಸುವುದಕ್ಕೆ ಅರ್ಥ ಇದೆ.

ಕಾನು ಸೊಪ್ಪು

ಸರಿ, ಒಪ್ಪಿದೆ. ಹೈಡ್ರೋಕ್ಲೋರಿಕ್ ಪರೀಕ್ಷೆ ಮಾಡಿದ ಮೇಲೆ ಹನಿ ಲೆನ್ಸಿಗೆ ತಾಗದ ಹಾಗೆ ನೋಡಿಕೊಳ್ಳಬೇಕು ಅಂತಲೂ ಸೇರಿಸಿ. 10ಎಕ್ಸ್‌ನಲ್ಲೇ ನೋಡುವುದು ಕ್ಷೇಮ.

ಅಡಿಕೆ ಕೊಳೆ

ಜೂನ್‌ನಿಂದ ಸೆಪ್ಟೆಂಬರ್ ಒಳಗಾದರೆ ಕೊಳೆರೋಗ ಬಂದ ಅಡಿಕೆ ಕಾಯಿ ತೋರಿಸಿ. ತೋಟದ ಮನೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಜೀವಕೋಶ ಇನ್ನೊಂದಿಲ್ಲ. ಆಗಷ್ಟೇ ಉದುರಿದ, ನೀರು ಹಿಡಿದ ಹಾಗೆ ಕಡುಹಸಿರು ಕಲೆ ಇರುವ ಕಾಯಿ ತನ್ನಿ. ಬಿಳಿ ಬೂಸು ಕಾಣದಿದ್ದರೆ ಒದ್ದೆ ಹತ್ತಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಒಂದೆರಡು ದಿನ ಕಟ್ಟಿಡಿ. ಕಪ್ಪು, ಹಸಿರು ಪುಡಿ ಬಂದಿದ್ದರೆ ಅದು ಆಮೇಲೆ ಸೇರಿಕೊಂಡ ಬೇರೆ ಬೂಸು, ಪ್ರಯೋಜನ ಇಲ್ಲ.

ಬಿಳಿ ಬೂಸಿನ ಸಾಸಿವೆಯಷ್ಟು ಚೂರನ್ನು ನೀರ ಹನಿಯಲ್ಲಿ ಬಿಡಿಸಿ. ಅಡ್ಡಗೋಡೆ ಇಲ್ಲದ ಎಳೆಗಳು, ಅವುಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳು, ತುದಿಗೆ ಸಣ್ಣ ಮೊಲೆಯಂಥ ಉಬ್ಬು. ಅದು ಸ್ಪೊರಾಂಜಿಯಂ, ಬೀಜಕಣದ ಚೀಲ. ಇನ್ನೊಂದು ಚೂರನ್ನು ಫ್ರಿಜ್ಜಿನ ತಣ್ಣೀರಿನಲ್ಲಿ 15-20 ನಿಮಿಷ ಇಟ್ಟು ಹೊರಗೆ ತಂದು ನೋಡುತ್ತಿರಿ. ಚೀಲದ ಒಳಗಿನದು ಹೋಳುಹೋಳಾಗಿ, ಆ ಉಬ್ಬಿನ ಬಾಯಿ ತೆರೆದು, ಜೂಸ್ಪೋರುಗಳು, ಅಂದರೆ ಈಜುವ ಬೀಜಕಣಗಳು, ಹೊರಗೆ ಈಜುತ್ತವೆ. ಒಂದೊಂದಕ್ಕೂ ಎರಡು ಕಶಾಂಗ, ಈಜಲು ಇರುವ ಬಾಲದಂಥ ಎಳೆ. ಸ್ವಲ್ಪ ಹೊತ್ತಿಗೆ ನಿಂತು ದುಂಡಾಗುತ್ತವೆ. ನಲ್ಲಿಯ ಕ್ಲೋರಿನ್ ನೀರು ಬಳಸಬೇಡಿ, ಬಾವಿ ನೀರು ಒಳ್ಳೆಯದು. ತಾಮ್ರದ ಪಾತ್ರೆಯ ನೀರಂತೂ ಬೇಡವೇ ಬೇಡ. ಮೈಲುತುತ್ತ ಸುಣ್ಣದ ಬೋರ್ಡೊ ದ್ರಾವಣ ಕೆಲಸ ಮಾಡುವುದೂ ತಾಮ್ರ ಇವನ್ನು ಕೊಲ್ಲುವುದರಿಂದಲೇ. ಕಾಯಿಯ ಒಳಗೆ ಇಳಿದ ಮೇಲೆ ಹೊಡೆದರೆ ಪ್ರಯೋಜನ ಕಡಿಮೆ, ಮಳೆ ಹಿಡಿಯುವ ಮೊದಲೇ ಹೊಡೆಯಬೇಕು ಅನ್ನುವುದಕ್ಕೆ ಕಾರಣ ಈ ಸ್ಲೈಡಿನಲ್ಲೇ ಕಾಣುತ್ತದೆ.

ಇದು ನಿಜವಾದ ಶಿಲೀಂಧ್ರ ಅಲ್ಲ. ಫೈಟಾಫ್ತೊರ, ಊಮೈಸೀಟ್ ಗುಂಪು. ಕೋಶಭಿತ್ತಿಯಲ್ಲಿ ಮುಖ್ಯವಾಗಿ ಕೈಟಿನ್ ಬದಲು ಸೆಲ್ಯುಲೋಸ್ ಮತ್ತು ಗ್ಲುಕಾನ್. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ವಿವರವಾದ ಕೆಲಸ ಪ್ರಕಟಿಸಿದ್ದು 1910ರಲ್ಲಿ. ಕಾಯಿಯನ್ನು ಕೆಲಸ ಮುಗಿದ ಮೇಲೆ ಸುಡಿ, ತೋಟಕ್ಕೆ ಎಸೆಯಬೇಡಿ.

ಹೊಸನಗರ ವಿಜ್ಞಾನ

ಅಡಿಕೆಯದು ಈ ವಾರವೇ ಮಾಡುತ್ತೇವೆ. ಪಕ್ಕದ ಕಾಲೇಜಿನವರು 100ಎಕ್ಸ್ ಆಬ್ಜೆಕ್ಟಿವ್ ಕೊಡುತ್ತೇವೆ ಅಂದಿದ್ದಾರೆ. ಎಣ್ಣೆ ಇಲ್ಲ. ಕೊಬ್ಬರಿ ಎಣ್ಣೆ ಆಗುತ್ತದಾ? ಅಲ್ಲದೆ ನಮ್ಮ 45ಎಕ್ಸ್‌ನಲ್ಲಿ ಜೇಡರ ಬಲೆ ಹಾಗೆ ಏನೋ ಕಾಣುತ್ತಿದೆ, ಸ್ಲೈಡ್ ಬದಲಿಸಿದರೂ ಹೋಗುವುದಿಲ್ಲ.

ಸಾಗರ ಲೆನ್ಸ್

ಜೇಡರ ಬಲೆ ಅಂದರೆ ಲೆನ್ಸಿಗೆ ಬೂಸು ಹಿಡಿದಿದೆ. ಖಚಿತ ಮಾಡಿಕೊಳ್ಳಲು ಐಪೀಸ್ ತಿರುಗಿಸಿ. ಬಲೆಯೂ ತಿರುಗಿದರೆ ಐಪೀಸ್‌ನಲ್ಲಿದೆ, ಇಲ್ಲದಿದ್ದರೆ ಆಬ್ಜೆಕ್ಟಿವ್‌ನಲ್ಲಿದೆ. ಆಬ್ಜೆಕ್ಟಿವ್ ಬಿಚ್ಚಿ, ಐಪೀಸನ್ನು ಭೂತಗನ್ನಡಿ ಹಾಗೆ ತಿರುಗಿಸಿ ಹಿಡಿದು ಮುಂದಿನ ಗಾಜು ನೋಡಿ. ಹೊರಮೈಯಲ್ಲಿದ್ದರೆ ಲೆನ್ಸ್ ಪೇಪರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಮಧ್ಯದಿಂದ ಹೊರಕ್ಕೆ ಸುತ್ತಿ ಒರೆಸಿ. ಒಳಗಿದ್ದರೆ ಬಿಚ್ಚಲು ಹೋಗಬೇಡಿ, ಗಾಜುಗಳ ಅಂತರ ಕೂದಲೆಳೆ ತಪ್ಪಿದರೂ ಮತ್ತೆ ಫೋಕಸ್ ಆಗೋದಿಲ್ಲ. ಪಂಚೆ, ಕರ್ಚೀಫು ಏನೂ ಮುಟ್ಟಿಸಬೇಡಿ.

ಬೂಸು ಬಿಡುವ ಆಮ್ಲ ಗಾಜಿನ ಲೇಪನವನ್ನೇ ತಿಂದುಬಿಡ್ತದೆ, ಆಮೇಲೆ ಒರೆಸಿದರೂ ಗುರುತು ಹೋಗೋದಿಲ್ಲ. ಹಾಗಾಗಿ ಮೊದಲೇ ಕಾಯ್ದುಕೊಳ್ಳಬೇಕು. ಮಳೆಗಾಲ ಪೂರ್ತಿ ಐಪೀಸ್, ಆಬ್ಜೆಕ್ಟಿವ್ ಬಿಚ್ಚಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮೈಕ್ರೋಸ್ಕೋಪ್ ಜೊತೆ ಬಂದ ಮರದ ಪೆಟ್ಟಿಗೆ ಬೇಡ, ಮರವೇ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಿಚ್ಚಿದ ಜಾಗಕ್ಕೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಕೊಳವೆಯೊಳಗೆ ಧೂಳು ಇಳಿಯುತ್ತದೆ. ನೀಲಿ ಜೆಲ್ ಗುಲಾಬಿಯಾದರೆ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ನೀಲಿ. ನೀಲಿಯದರಲ್ಲಿ ಕೋಬಾಲ್ಟ್ ಇರ್ತದೆ, ಮಕ್ಕಳ ಕೈಗೆ ಕೊಡಬೇಡಿ, ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತನ್ನಿ.

ಕೊಬ್ಬರಿ ಎಣ್ಣೆ ಬೇಡ. ಲೆನ್ಸಿಗೂ ಸ್ಲೈಡಿಗೂ ನಡುವೆ ಹಾಕುವ ಇಮ್ಮರ್ಶನ್ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, 1.515, ಗಾಜಿನಷ್ಟೇ. ಕೊಬ್ಬರಿ ಎಣ್ಣೆಯದು 1.45 ಆಸುಪಾಸು. ಮೇಲಾಗಿ 24 ಡಿಗ್ರಿ ಕೆಳಗೆ ಲೆನ್ಸಿನ ಮೇಲೇ ಹೆಪ್ಪುಗಟ್ಟುತ್ತದೆ. ಹರಳೆಣ್ಣೆ 1.48, ಅದಾದರೂ ವಾಸಿ, ಆದರೆ ಅಂಟು ಹೆಚ್ಚು, ಬಳಸಿದ ಕೂಡಲೇ ಒರೆಸಬೇಕು. ಒಂಬತ್ತನೇ ತರಗತಿಗೆ 100ಎಕ್ಸ್ ಬೇಕಾಗೋದೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕೊಟ್ಟರೆ ನಯವಾಗಿ ವಾಪಸ್ ಕೊಡಿ.

ಹೊಸನಗರ ವಿಜ್ಞಾನ

ಕಡೆಯ ಪ್ರಶ್ನೆ. 40 ನಿಮಿಷದ ಒಂದೇ ಪೀರಿಯಡ್, ಒಂದೇ ಮೈಕ್ರೋಸ್ಕೋಪ್, 46 ಮಕ್ಕಳು. ಏನು ತೋರಿಸಲಿ?

ತೀರ್ಥಹಳ್ಳಿ ಪಿಯು ಬಯಾಲಜಿ

ಮೊಬೈಲ್ ಕ್ಯಾಮೆರಾವನ್ನು ಐಪೀಸ್‌ಗೆ ಆನಿಸಿ, ಶಾಲೆಯ ಟಿವಿಗೆ ಜೋಡಿಸಿ. ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಐಪೀಸ್ ಸುತ್ತಳತೆಗೆ ಸರಿಯಾಗಿ ದಪ್ಪ ರಟ್ಟಿನ ಕೊಳವೆ ಸುತ್ತಿ ಮೊಬೈಲ್ ಕವರಿಗೆ ಅಂಟಿಸಿಬಿಡಿ. ಐಪೀಸ್‌ಗೂ ಕ್ಯಾಮೆರಾಗೂ ಒಂದೆರಡು ಸೆಂ.ಮೀ. ಅಂತರ ಬೇಕು, ವೃತ್ತ ಪೂರ್ತಿ ತುಂಬುವವರೆಗೆ ಹಿಂದೆ ಮುಂದೆ ಮಾಡಿ ನೋಡಿ.

ಎರಡೇ ಸ್ಲೈಡ್ ಸಾಕು. ಒಂದು, ಮೇಲೆ ಹಸಿರು ಕೆಳಗೆ ನೇರಳೆ ಇರುವ ರಿಯೋ ಎಲೆ, ಅಂಗಳದ ಕುಂಡಗಳಲ್ಲಿ ಇರುತ್ತದಲ್ಲ, ಅದು. ನೇರಳೆ ಬದಿಯ ಸಿಪ್ಪೆ ತೆಗೆದು ನೀರಲ್ಲಿ ತೋರಿಸಿ. ಆಮೇಲೆ 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಹಾಕಿದ ದ್ರಾವಣವನ್ನು ಬ್ಲಾಟಿಂಗ್ ಪೇಪರಿನಿಂದ ಎಳೆದು ಹಾಯಿಸಿ. ಮೂರು ನಾಲ್ಕು ನಿಮಿಷದೊಳಗೆ ನೇರಳೆ ಚೀಲ ಗೋಡೆ ಬಿಟ್ಟು ಮುದುಡುವುದು ಟಿವಿಯಲ್ಲೇ ಕಾಣುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಅನ್ನುವುದಕ್ಕೆ ಇನ್ನು ಚಿತ್ರ ಬೇಡ. ಕೂಡಲೇ ಸಾದಾ ನೀರು ಹಾಯಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಉಪ್ಪಲ್ಲೇ ಬಿಟ್ಟರೆ ಕೆಲವು ಕೋಶ ಸತ್ತು ಬಣ್ಣ ಸೋರಿಹೋಗುತ್ತದೆ, ಅವು ಹಿಂದಿರುಗುವುದಿಲ್ಲ.

ಎರಡನೆಯದು ಕೆರೆಯಲ್ಲಿ ಬೆಳೆಯುವ ನೀರಗಿಡ ಹೈಡ್ರಿಲ್ಲ. ತುದಿಯ ಎಳೆ ಎಲೆಯೊಂದನ್ನು ಪೂರ್ತಿಯಾಗಿ ಕೆರೆ ನೀರಲ್ಲೇ ಇಡಿ, ಕತ್ತರಿಸುವ ಕೆಲಸವೇ ಇಲ್ಲ, ಎಲೆಯ ದಪ್ಪ ಎರಡೇ ಕೋಶ. ನಡುನರದ ಪಕ್ಕದ ಕೋಶಗಳನ್ನು 45ಎಕ್ಸ್‌ನಲ್ಲಿ ಹಿಡಿದರೆ ಕ್ಲೋರೋಪ್ಲಾಸ್ಟ್‌ಗಳು ಗೋಡೆಗುಂಟ ಒಂದರ ಹಿಂದೊಂದು ಸುತ್ತು ಬರುತ್ತಿರುತ್ತವೆ.

ಸ್ಲೈಡ್ ಪೆಟ್ಟಿಗೆ

ಹೈಡ್ರಿಲ್ಲಕ್ಕೆ ಒಂದು ಮಾತು ಸೇರಿಸುತ್ತೇನೆ. ಬೆಳಗ್ಗೆ ತಣ್ಣಗಿನ ನೀರಿಂದ ಎತ್ತಿದ ಕೂಡಲೇ ನೋಡಿದರೆ ಕ್ಲೋರೋಪ್ಲಾಸ್ಟ್ ಅಲುಗುವುದಿಲ್ಲ, ಸತ್ತಿದೆ ಅಂತ ಬಿಸಾಡುತ್ತಾರೆ. ಪೀರಿಯಡ್ ಶುರುವಾಗುವ ಕಾಲು ಗಂಟೆ ಮೊದಲೇ ಗಿಡವನ್ನು ಗಾಜಿನ ಲೋಟದಲ್ಲಿ ಆ 9 ವ್ಯಾಟ್ ಬಲ್ಬಿನ ಹತ್ತಿರ ಇಟ್ಟುಬಿಡಿ. ರಿಯೋ ಮುಗಿಸಿ ಇದಕ್ಕೆ ಬರುವ ಹೊತ್ತಿಗೆ ಓಡಾಟ ಶುರುವಾಗಿರುತ್ತದೆ.